ಬೆರಳಿಗೆ ತಿಳಿಯದ ಧೂಳು

ಏಪ್ರಿಲ್ 14, ಸೋಮವಾರ. ಬೆಳಿಗ್ಗೆ 10.20

ಎರಡನೇ ಗಾಡಿ. ಬಿಳಿ ವ್ಯಾನು. ತೊಳೆದದ್ದಾಯಿತು. ಬಾನೆಟ್ಟು, ಎರಡು ಬಾಗಿಲು ಕ್ಲೇ ಹಾಕಿ ಮುಗಿಸಿದ್ದಾಯಿತು. ಚಳಿಗಾಲ ಪೂರ್ತಿ ಉಕ್ಕಿನ ಕಾರ್ಖಾನೆಗಳು ಉಗುಳಿದ ಕಬ್ಬಿಣದ ಪುಡಿ. ಈ ಹ್ಯಾಮಿಲ್ಟನ್ ಊರಿನಲ್ಲಿ ಯಾವ ಕಾರನ್ನೂ ಬಿಡುವುದಿಲ್ಲ. ಸೋಪಿಗೆ ಬಗ್ಗುವುದಿಲ್ಲ, ಬಣ್ಣದಲ್ಲಿ ಹಲ್ಲೂರಿ ಕೂತಿರುತ್ತದೆ. ಹಿಟ್ಟಿನುಂಡೆಯಂಥ ಕ್ಲೇ ತುಂಡನ್ನು ತಟ್ಟಿ, ಜಾರುವ ದ್ರವ ಸಿಂಪಡಿಸಿ, ಮೆಲ್ಲಗೆ ಆಡಿಸಿದರೆ ಮಾತ್ರ ಕಿತ್ತು ಬರುತ್ತದೆ. ಇಪ್ಪತ್ತಾರು ವರ್ಷ ನನಗೆ ಅನ್ನ ಹಾಕಿದ ಪುಡಿ. ಬೈಯಬಾರದು.

ಇವತ್ತಿನ ಲೆಕ್ಕ ಮಾತ್ರ ಸರಿ ಬರುತ್ತಿಲ್ಲ. ನಾನು ಮುಗಿಸಿದ ಈ ಮೂರು ಭಾಗಗಳಲ್ಲಿ ಎರಡರ ಮೇಲೆ ನನ್ನ ಅಂಗಡಿಯ ಕೆಲಸಗಾರ ಎವರ್ಟನ್ ಮತ್ತೆ ಕ್ಲೇ ಆಡಿಸಿದ. ನಾನು ಫೋನಿಗೆ ಹೋದಾಗ, ಕದ್ದು. ಹನ್ನೊಂದು ವರ್ಷದ ಹಿಂದೆ ಅವನಿಗೆ ಕ್ಲೇ ಹಿಡಿಯುವುದನ್ನು ಕಲಿಸಿದ್ದೇ ನಾನು.

ಅವನು ಟೀಗೆ ಹೋದ ಮೇಲೆ ಸ್ಯಾಂಡ್‌ವಿಚ್ ಕಟ್ಟುವ ತೆಳು ಪ್ಲಾಸ್ಟಿಕ್ ಚೀಲದೊಳಗೆ ಕೈಯಿಟ್ಟು ಬಣ್ಣ ಸವರಿ ನೋಡಿದೆ. ಬರಿಗೈಗೆ ತಿಳಿಯದ ಕಾಳು ಚೀಲದೊಳಗಿನ ಕೈಗೆ ತಿಳಿಯುತ್ತದೆ. ಈ ಕೆಲಸದಲ್ಲಿ ಇದೇ ಕೋರ್ಟು, ಇದೇ ಜಡ್ಜು. ಬಾಗಿಲು ನುಣುಪು. ಸರಿ. ಕ್ಲೇ ಮುಟ್ಟಿಸದ ಟಾಪೂ ನುಣುಪು…

ಅದು ನುಣುಪಿರಲು ಸಾಧ್ಯವೇ ಇಲ್ಲ.

ಏಪ್ರಿಲ್ 15, ಮಂಗಳವಾರ

ಡಾಕ್ಟರಮ್ಮ ಸೂಜಿಯಲ್ಲಿ ಬೆರಳ ತುದಿ ಚುಚ್ಚಿದಳು. ಹತ್ತರಲ್ಲಿ ನಾಲ್ಕಕ್ಕೆ ಗೊತ್ತಾಯಿತು. ಸಕ್ಕರೆ ಕಾಯಿಲೆ ನರ ತಿಂದಿದೆ ಅಂದಳು. ಹೋದದ್ದು ಬರುವುದು ಕಷ್ಟ, ಇರುವುದನ್ನು ಉಳಿಸಿಕೊಳ್ಳಬೇಕು.

"ಕೈಕೆಲಸ ಕಮ್ಮಿ ಮಾಡಿ."

"ಬಾಯಿಕೆಲಸ ಜಾಸ್ತಿ ಮಾಡ್ಲಾ?"

ನಗಲಿಲ್ಲ.

ಎವರ್ಟನ್‌ಗೆ ಹೇಳಿದೆ. ಅವನಿಗೆ ಒಂದು ತಿಂಗಳಿಂದ ಅನುಮಾನವಂತೆ. "ಮುಂದೆ ಕೌಂಟರಲ್ಲಿ ಕೂತ್ಕೊಳ್ಳಿ ಬಾಸ್. ಫೋನ್ ಎತ್ತಿ, ಗಿರಾಕಿ ಹಿಡೀರಿ. ಮಾತಲ್ಲಿ ನಿಮ್ಮನ್ನ ಮೀರಿಸೋರು ಯಾರಿದಾರೆ?"

"ನನ್ನ ಹೂಳೋಕೆ ಕುರ್ಚಿ ನೋಡಿಟ್ಟಿದೀಯಾ?"

"ಚಕ್ರ ಇರೋ ಕುರ್ಚಿ. ಮೆತ್ತಗಿದೆ."

ಅವನದು ತಪ್ಪಲ್ಲ. ಆದರೆ ಕೌಂಟರಿಗೆ ಹೋಗಿ ಕೂತ ದಿನ ನಾನು ಬೋರ್ಡಿನ ಮೇಲಿನ ಹೆಸರು ಅಷ್ಟೇ. ಕೂರುವುದಿಲ್ಲ.

ಏಪ್ರಿಲ್ 17, ಗುರುವಾರ. ಬೆಳಿಗ್ಗೆ

ಹಳೇ ಗಿರಾಕಿ ಗಾರ್ಡ್ ಮೆಕೆಲ್ಲರ್ (ಗಾರ್ಡ್ ಅವನ ಹೆಸರು, ಕೆಲಸವಲ್ಲ) ತನ್ನ ಕಪ್ಪು ಬ್ಯೂಕ್ ಕಾರು ತಂದು ನಿಲ್ಲಿಸಿದ. ಕಾರ್ಖಾನೆಯಲ್ಲಿ ಮೂವತ್ತೈದು ವರ್ಷ ಕ್ರೇನ್ ಓಡಿಸಿ ಕಿವಿ ಕಳಕೊಂಡವನು. ಗುಟ್ಟು ಹೇಳಿದರೂ ಬೀದಿಗೆಲ್ಲ ಕೇಳುತ್ತದೆ.

"ಇಪ್ಪತ್ತಾರಕ್ಕೆ ನಮ್ಮ ಹಳೇ ಕಾರಿನ ಕ್ಲಬ್ಬು ಹೊರಡುತ್ತೆ! ಕ್ಲೇ ನೀನೇ ಮಾಡ್ಬೇಕು ನೆವೆಂಕಾ! ಅವನು ಪಾಲಿಶ್ ಹೊಡ್ಕೊಳ್ಲಿ!"

"ಅವನು ಇಲ್ಲೇ ಇದಾನೆ ಗಾರ್ಡ್."

"ಇರ್ಲಿ ಬಿಡು! ಒಳ್ಳೆ ಹುಡುಗ!"

ಹುಡುಗನಿಗೆ ಐವತ್ತೆರಡು.

ಅದೇ ದಿನ, ಮಧ್ಯಾಹ್ನ 3.40

ಬಾನೆಟ್ಟು ಹಾಳು ಮಾಡಿದೆ.

ಕ್ಲೇ ಕೊಳೆಯಾದ ಹಾಗೆ ಮಡಚಿ ಹೊಸ ಮೈ ಹೊರಗೆ ತರಬೇಕು. ಯಾವಾಗ ಅನ್ನುವುದನ್ನು ಬೆರಳೇ ಹೇಳುತ್ತಿತ್ತು. ಕಣ್ಣಲ್ಲಿ ನೋಡುವ ಅಭ್ಯಾಸವನ್ನೇ ಬಿಟ್ಟು ಎಷ್ಟೋ ವರ್ಷ. ಇವತ್ತು ಬೆರಳು ಹೇಳಲಿಲ್ಲ, ನಾನು ಮಡಚಲಿಲ್ಲ. ಕಿತ್ತ ಕಬ್ಬಿಣವನ್ನು ವಾಪಸು ಅದೇ ಬಣ್ಣಕ್ಕೆ ತಿಕ್ಕಿದೆ. ಒಂದು ಗೇಣುದ್ದ ಗೀರು. ಒಂದಲ್ಲ, ಏಳು. ಎಣಿಸಿದೆ.

ಎವರ್ಟನ್ ದೀಪ ಹಿಡಿದು ನೋಡಿದ. ತುಂಬಾ ಹೊತ್ತು ನೋಡಿದ.

"ಆಳ ಇಲ್ಲ. ಮೆಷಿನ್ ಹಾಕಿ ತೆಗೀತೀನಿ. ಗಾರ್ಡ್‌ಗೆ ಗೊತ್ತಾಗಲ್ಲ."

"ನನಗೆ ಗೊತ್ತಾಗುತ್ತಲ್ಲ."

ಏಪ್ರಿಲ್ 22, ಮಂಗಳವಾರ

ಈಸ್ಟರ್ ಮುಗಿಯಿತು. ನಾಲ್ಕು ದಿನ ಏನೂ ಬರೆಯಲಿಲ್ಲ. ಬರೆಯುವುದಕ್ಕೆ ಇದ್ದದ್ದು ಒಂದೇ, ಅದನ್ನು ಬರೆಯಲು ಮನಸ್ಸಿರಲಿಲ್ಲ.

ಬಾನೆಟ್ಟು ಸರಿಯಾಗಿದೆ. ಎವರ್ಟನ್ ಕೈ ಒಳ್ಳೆಯದು. ಗಾರ್ಡ್‌ಗೆ ಫೋನ್ ಮಾಡಿ ಎಲ್ಲ ಹೇಳಿದೆ. ಗೀರು, ಬೆರಳು, ಎಲ್ಲ. ಅವನಿಗೆ ಕೇಳಿಸಲು ಮೂರು ಸಲ ಕೂಗಬೇಕಾಯಿತು. ಮೂರನೇ ಸಲಕ್ಕೆ ಪಕ್ಕದ ಟೈರ್ ಅಂಗಡಿಯವರೆಲ್ಲ ಹೊರಗೆ ಬಂದರು.

"ಹಂಗಾದ್ರೆ ಉಳಿದದ್ದು ಯಾರು ಮಾಡ್ತಾರೆ?"

"ನಾನೇ."

"ಹೆಂಗೆ?"

"ಗೊತ್ತಿಲ್ಲ."

ಅವನೇ ತೀರ್ಮಾನ ಹೇಳಿದ: "ಶನಿವಾರ ಎಂಟಕ್ಕೆ ಬರ್ತೀನಿ. ನನ್ನ ಕಣ್ಣೆದುರಿಗೆ ಮಾಡು. ಕೈಯಿಟ್ಟು ನಾನೇ ನೋಡ್ತೀನಿ. ಸರಿ ಇಲ್ಲ ಅಂದ್ರೆ ಕ್ಲೇ ಎವರ್ಟನ್ ಕೈಗೆ. ಆಮೇಲೆ ಯಾರ ಕಾರೂ ಮುಟ್ಟಬೇಡ. ಸ್ನೇಹಿತ ಅಂತ ಹೇಳ್ತಿದೀನಿ."

ಒಪ್ಪಿದೆ. ಬೇರೆಯವರ ಕಾರು ಗೀಚುವ ಹಕ್ಕು ನನಗೂ ಇಲ್ಲ.

ಏಪ್ರಿಲ್ 23, ಬುಧವಾರ. ಬೆಳಿಗ್ಗೆ 11

ಕರೆಂಟು ಹೋಯಿತು. ಕಂಪ್ರೆಸರ್, ರೇಡಿಯೋ, ಹೀಟರ್ ಫ್ಯಾನು ಎಲ್ಲ ಒಟ್ಟಿಗೆ ಸತ್ತವು. ನನ್ನ ಕೈ ಚೀಲದೊಳಗೆ, ಒಂದು ಹಸಿರು ಪಿಕಪ್ಪಿನ ಟಾಪ್ ಮೇಲೆ. ಸುಮ್ಮನೆ ಎಳೆದೆ.

ಸದ್ದು ಬಂತು.

ಸಣ್ಣ ಸರಸರ. ಒಣ ಅವರೆ ಸಿಪ್ಪೆಯ ಮೇಲೆ ಯಾರೋ ನಡೆದ ಹಾಗೆ. ಕ್ಲೇ ಆಡಿಸಿದೆ. ಮೊದಲು ಕರಕರ, ಆಮೇಲೆ ಸರಸರ, ಆಮೇಲೆ ಏನೂ ಇಲ್ಲ. ಮತ್ತೆ ಚೀಲ. ಏನೂ ಇಲ್ಲ! ಇಪ್ಪತ್ತಾರು ವರ್ಷ ಕಂಪ್ರೆಸರ್ ಕೆಳಗೆ ಇದೊಂದು ಮಾತಾಡುತ್ತಲೇ ಇತ್ತು. ನಾನು ನಡುವೆ ಬಾಯಿ ಹಾಕುತ್ತಲೇ ಇದ್ದೆ.

ಎವರ್ಟನ್‌ನ ಕೂಗಿದೆ. "ಕರೆಂಟ್ ಬಂದ್ರೂ ಏನೂ ಹಾಕ್ಬೇಡ."

"ರೇಡಿಯೋನೂ?"

"ನಿನ್ನ ಬಾಯಿನೂ."

ಏಪ್ರಿಲ್ 24, ಗುರುವಾರ

ಪರೀಕ್ಷೆ. ಎವರ್ಟನ್ ಎರಡು ಕಾರಿನಲ್ಲಿ ಕೆಲವು ಕಡೆ ಕ್ಲೇ ಮಾಡಿದ, ಕೆಲವು ಕಡೆ ಬಿಟ್ಟ. ಎಲ್ಲಿ ಅಂತ ಹೇಳಲಿಲ್ಲ. ನನ್ನ ಕಣ್ಣಿಗೆ ಅವನ ಮಫ್ಲರ್ ಕಟ್ಟಿದ. ಇಪ್ಪತ್ತು ಜಾಗ. ಕಿವಿಯಿಂದಲೇ ಹದಿನೆಂಟು ಸರಿ. ತಪ್ಪಿದ್ದು ಎರಡೇ, ಅಂಗಡಿಯ ಹಿಂದಿನ ಹಳಿಯಲ್ಲಿ ರೈಲು ಹೋಗುವಾಗ.

"ರೈಲನ್ನ ನಿಲ್ಲಿಸೋಕೆ ಹೇಳ್ಲಾ ಬಾಸ್?"

"ನಾನು ನಿಲ್ತೀನಿ. ಅದು ಹೋಗ್ಲಿ."

ಮಡಚುವುದಕ್ಕೂ ಹೊಸ ನಿಯಮ: ಹತ್ತು ಸಲ ಆಡಿಸಿದರೆ ಒಂದು ಮಡಿಕೆ. ಮಡಚುವ ಮುಂಚೆ ದೀಪಕ್ಕೆ ಹಿಡಿದು ನೋಡುವುದು. ಬೆರಳನ್ನು ಇನ್ನು ಯಾವುದಕ್ಕೂ ಕೇಳುವುದಿಲ್ಲ. ಒಂದು ಬಾಗಿಲಿಗೆ ಮೊದಲು ಹದಿನೈದು ನಿಮಿಷ, ಈಗ ಇಪ್ಪತ್ತಾರು. ದಿನಕ್ಕೆ ಒಂದು ಕಾರು ಕಮ್ಮಿ. ಆಗಲಿ.

ಏಪ್ರಿಲ್ 26, ಶನಿವಾರ. ಬೆಳಿಗ್ಗೆ 10.20

ಗಾರ್ಡ್ ಎಂಟಕ್ಕೇ ಬಂದ. ಬಂದವನು ಮಾತು ನಿಲ್ಲಿಸಲಿಲ್ಲ. ಕ್ಲಬ್ಬು, ಮಂಡಿ ನೋವು, ಅಳಿಯ.

"ಗಾರ್ಡ್, ಬಾಯಿ ಮುಚ್ಚು."

"ಏನಂದೆ?"

ಎವರ್ಟನ್ ತುಟಿಯ ಮೇಲೆ ಬೆರಳಿಟ್ಟು ತೋರಿಸಿದ. ಅರ್ಥವಾಯಿತು. ಪಾಪ, ಟೋಪಿ ಕೈಯಲ್ಲಿ ಹಿಡಿದು ಚರ್ಚಿನಲ್ಲಿ ನಿಂತ ಹಾಗೆ ನಿಂತ.

ಟಾಪು, ಎಡಗಡೆ ಎರಡು ಬಾಗಿಲು, ಬಲಗಡೆ ಎರಡು. ಹದಿನಾರು ಮಡಿಕೆ. ಟಾಪಿನ ಹಿಂದಿನ ಮೂಲೆ ಎರಡು ಸಲ ಸರಸರ ಅಂದಿತು. ಎರಡು ಸಲವೂ ವಾಪಸು ಹೋದೆ. ಮೂರನೇ ಸಲಕ್ಕೆ ಸುಮ್ಮನಾಯಿತು.

ಗಾರ್ಡ್ ಹೊಸ ಚೀಲ ಹಾಕಿಕೊಂಡ. ಟಾಪು ಸವರಿದ. ಬಾಗಿಲು ಸವರಿದ. ಮೊಣಕಾಲೂರಿ ಬಾಗಿಲ ಕೆಳಗಂಚೂ ಸವರಿದ, ಯಾರೂ ನೋಡದ ಕಡೆ. ಎದ್ದ.

"ಆ ಮೂಲೇಲಿ ಯಾಕೆ ಮೂರು ಸಲ?"

"ಇನ್ನೂ ಇತ್ತು."

"ಬೆರಳಿಗೆ ತಿಳೀಲಿಲ್ಲ ಅಂದೆ."

"ತಿಳೀಲಿಲ್ಲ."

ನನ್ನ ಮುಖವನ್ನೇ ನೋಡಿದ. ಚೀಲ ತೆಗೆದು ಜೇಬಿಗೆ ಹಾಕಿಕೊಂಡ. "ಡಿಕ್ಕಿ ಬಾಕಿ ಇದೆ. ನನ್ನ ಮುಖ ಏನ್ ನೋಡ್ತೀಯ, ಹನ್ನೊಂದಕ್ಕೆ ಹೊರಡ್ಬೇಕು ನಾನು!"

ಎವರ್ಟನ್ ಟೀ ತಂದುಕೊಟ್ಟ. ರೈಲು ಹೋಗುವವರೆಗೆ ನಿಂತೇ ಬರೆಯುತ್ತಿದ್ದೇನೆ. ಸೋಮವಾರದ ಪಟ್ಟಿ ಕೇಳುತ್ತಿದ್ದಾನೆ. ತೊಳೆಯುವುದು, ಅವನು. ಪಾಲಿಶು, ಅವನು. ಕ್ಲೇ, ನಾನು. ಮೊದಲನೇ ಕಾರು ಒಂಬತ್ತಕ್ಕೆ, ಕೆಂಪು, ಎರಡು ಬಾಗಿಲಿನದು, ಅದರ—

ರೈಲು ಹೋಯಿತು. ಈಗ ಡಿಕ್ಕಿ.