ಡ್ರೈವರ್ ಸೀಟಿನ ತೂಕ

ಲ್ಯಾಟ್ರೋಬ್, ಟಾಸ್ಮೇನಿಯಾ
ಸೆಪ್ಟೆಂಬರ್ ೧೪, ಭಾನುವಾರ

ಮುದ್ದಿನ ಬ್ರಯೊನಿ,

ಕೈಯ ಸುಟ್ಟ ಗಾಯ ಹೇಗಿದೆ? ಒಲೆಯ ಬಾಗಿಲು ತಾಗಿತು ಎಂದು ನೀನು ಹೇಳುವಷ್ಟರಲ್ಲಿ ಫೋನ್ ಕಡಿದುಹೋಯಿತು. ಮುತ್ತು ತೆಗೆಯುವವರ ದೋಣಿಯಲ್ಲಿ ಹನ್ನೊಂದು ಜನರಿಗೆ ಬೇಯಿಸಿ ಹಾಕುವವಳು ತಾನು ಕೂತು ಉಣ್ಣುತ್ತಾಳೋ ಇಲ್ಲವೋ ಎಂಬುದು ನನ್ನ ಇನ್ನೊಂದು ಚಿಂತೆ. ಬ್ರೂಮ್‌ನಲ್ಲಿ ಆಗಲೇ ಸೆಕೆ ಶುರುವಾಗಿರಬೇಕು. ಇಲ್ಲಿ ಬೆಳಿಗ್ಗೆ ಎದ್ದರೆ ಕಾರಿನ ಗಾಜಿನ ಮೇಲೆ ಇನ್ನೂ ಹಿಮ ಕಟ್ಟಿರುತ್ತದೆ, ಕೆರೆದು ತೆಗೆಯಬೇಕು. ನಾನು ಚೆನ್ನಾಗಿದ್ದೇನೆ. ರಾತ್ರಿ ನಿದ್ದೆಯೂ ಬರುತ್ತಿದೆ, ಹೋದ ವರ್ಷದಂತಲ್ಲ.

ಯಾವ ಕಾರು ಎಂದು ನೀನು ಕೇಳುವ ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಿನ್ನಪ್ಪನ ಪುಟ್ಟ ಕೆಂಪು ಕಾರನ್ನು ನಾನು ಮಾರಿಲ್ಲ. ಅಪ್ಪನನ್ನು ಮಣ್ಣು ಮಾಡಿ ಬಂದ ದಿನ ಗ್ಯಾರೇಜಿನ ಬಾಗಿಲಲ್ಲಿ ನಿಂತು ನೀನು, "ಮಾರ್ಬಿಡಮ್ಮ, ನನ್ ಕೈಲಿ ಅದನ್ನ ನೋಡಕ್ಕಾಗಲ್ಲ" ಎಂದೆ. ನಾನು ತಲೆಯಾಡಿಸಿದೆ. ಮರುದಿನ ನೀನು ವಿಮಾನ ಹತ್ತಿದೆ. ಹದಿನಾಲ್ಕು ತಿಂಗಳಾಯಿತು, ಈ ಕಡೆ ತಲೆ ಹಾಕಿಲ್ಲ. ದೂರುತ್ತಿಲ್ಲ ಮಗಳೇ, ಲೆಕ್ಕ ತಾನಾಗಿಯೇ ಆಗುತ್ತದೆ. ಕಾರು ನೋಡಲು ಇಬ್ಬರು ಬಂದಿದ್ದರು. ಒಬ್ಬನಿಗೆ ಎಂಜಿನ್ ಮಾತ್ರ ಬೇಕಿತ್ತು, ಇನ್ನೊಬ್ಬನಿಗೆ ಸೀಟುಗಳು ಮಾತ್ರ. ಕುರಿ ಕಡಿಯಲು ಬಂದವರ ಹಾಗೆ ಕಂಡರು. ಇಬ್ಬರನ್ನೂ ಸಾಗಹಾಕಿದೆ. ಬ್ಯಾಟರಿ ಸಾಯದಿರಲಿ ಎಂದು ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿದೆ, ಆಮೇಲೆ ಬ್ರೆಡ್ ತರಲು ಹೋದೆ, ಆಮೇಲೆ ಸಮುದ್ರದವರೆಗೂ ಹೋದೆ. ಆಗಸ್ಟಿನಲ್ಲಿ ಮನಸ್ಸು ಗಟ್ಟಿ ಮಾಡಿದೆ. ಅಕ್ಟೋಬರ್ ಹದಿನೆಂಟರಂದು ಕಾರು ಕ್ಲಬ್ಬಿನ ಗುಡ್ಡ ಹತ್ತುವ ಓಟದಲ್ಲಿ ಈ ಸಲ ನಾನೇ ಓಡಿಸುವುದು. ಮೂವತ್ತೊಂದು ವರ್ಷ ಗುಡ್ಡದ ಬುಡದಲ್ಲಿ ನಿಂತು ಎಲ್ಲರ ಸಮಯ ಬರೆದೆ, ಸಾಸೇಜಿಗೆ ಈರುಳ್ಳಿ ಹುರಿದೆ. ಮೇಲಿನ ತಿರುವು ಹೇಗಿದೆ ಎಂದು ನಾನು ಕಣ್ಣಾರೆ ಕಂಡಿಲ್ಲ ಎಂದರೆ ನಂಬುತ್ತೀಯಾ?

ಆದರೆ ಕಾನ್ರಾಡ್ ಬಿಡಲಿಲ್ಲ. ಗೊತ್ತಲ್ಲ, ಕ್ಷೌರದ ಅಂಗಡಿಯ ಕಾನ್ರಾಡ್. ಓಟಕ್ಕೆ ಮೊದಲು ಕಾರು ಪರೀಕ್ಷಿಸುವ ಕೆಲಸ ಈಗಲೂ ಅವನದೇ. ಮುಂದಿನ ಮೂಲೆಯನ್ನು ಎರಡೂ ಕೈಯಲ್ಲಿ ಒತ್ತಿ ಬಿಟ್ಟ. ಕಾರು ನಾಲ್ಕು ಸಲ ಮೇಲೆ ಕೆಳಗೆ ತೂಗಿತು. "ಗ್ವೆಂಡಾ, ಇದು ಕಾರಲ್ಲ ಮಾರಾಯ್ತಿ, ತೊಟ್ಟಿಲು" ಎಂದ. ಕಾರಿನಡಿ ತೂರಿ ನೋಡಿದರೆ ಎರಡು ಶಾಕ್ ಅಬ್ಸಾರ್ಬರ್‌ಗಳಿಂದ ಎಣ್ಣೆ ಒಸರುತ್ತಿತ್ತು. ಬದಲಾಯಿಸದೆ ಗುಡ್ಡದ ಹತ್ತಿರವೂ ಬರಬೇಡ ಎಂದು ಚೀಟಿ ಬರೆದುಕೊಟ್ಟ.

ಅಲ್ಲಿಂದ ಶುರುವಾಯಿತು ನೋಡು. ಒಬ್ಬ ವಿಧವೆ ಎರಡನೇ ಮದುವೆಯಾಗುತ್ತೇನೆ ಎಂದಿದ್ದರೂ ಕ್ಲಬ್ಬಿನವರು ಇಷ್ಟು ಸಲಹೆ ಕೊಡುತ್ತಿರಲಿಲ್ಲ. ಕಂಪನಿಯಿಂದ ಬಂದಂಥದ್ದನ್ನೇ ಹಾಕಿಸು, ಬೆನ್ನಿಗೆ ಒಳ್ಳೆಯದು ಎಂಬುದು ಕಾನ್ರಾಡನ ವಾದ. ಕಟುಕ ಮರ್ವಿನ್‌ಗೆ ಅದು ಅವಮಾನ. "ಗಿಡ್ಡ ಸ್ಪ್ರಿಂಗ್ ಹಾಕ್ಸು. ಕಾರು ಅಂದ್ರೆ ನೆಲಕ್ಕೆ ಮುತ್ತಿಡೋ ಹಾಗಿರ್ಬೇಕು" ಎಂದು ತನ್ನ ಕಾರಿನಲ್ಲಿ ಒಂದು ಸುತ್ತು ಕರೆದುಕೊಂಡು ಹೋದ. ರೈಲು ಹಳಿ ದಾಟುವಾಗ ನನ್ನ ಕಟ್ಟಿಸಿದ ಹಲ್ಲು ಕಳಚಿ ಮಡಿಲಿಗೆ ಬಿತ್ತು. "ಹಳೀದೇ ತಪ್ಪು, ಕಾರಿಂದಲ್ಲ" ಎಂದ, ನಾಚಿಕೆಯೇ ಇಲ್ಲ. ಮೂರನೆಯದು, ಅಪ್ಪನ ಕಾರನ್ನು ಪ್ರತಿ ವರ್ಷ ಓಟಕ್ಕೆ ಅಣಿ ಮಾಡಿಕೊಡುತ್ತಿದ್ದ ಹಾರ್ವಿ ತೋರಿಸಿದ್ದು. ಅದರಲ್ಲಿ ಸ್ಪ್ರಿಂಗಿನ ಕೆಳಗೊಂದು ಬಳೆಯಿದೆ, ಅದನ್ನು ತಿರುಗಿಸಿ ಪ್ರತಿ ಮೂಲೆಯ ಎತ್ತರ ಹೊಂದಿಸಬಹುದು. ಅದರ ತಲೆಯ ಮೇಲೊಂದು ಗುಂಡಿ, ಅದು ಟಿಕ್ ಟಿಕ್ ಎಂದು ತಿರುಗಿದಷ್ಟೂ ಕಾರು ಗಡುಸಾಗುತ್ತದೆ. ವಾರದ ದಿನ ಮೆತ್ತಗೆ, ಗುಡ್ಡದ ದಿನ ಬಿಗಿ. ಕಾನ್ರಾಡ್ ಮೂಗು ಮುರಿದ. "ಅಷ್ಟೊಂದು ತಿರುಗ್ಸೋದಿದ್ರೆ ಯಾವತ್ತಾದ್ರೂ ತಪ್ಪು ತಿರುಗ್ಸೇ ತಿರುಗಿಸ್ತೀಯ." ಹಾರ್ವಿ ಕೂಗಾಡುವವನಲ್ಲ. "ಉಳಿದೆರಡಕ್ಕೆ ನೀನು ಒಗ್ಗಿಕೋಬೇಕು ಗ್ವೆಂಡಾ, ಇದು ನಿನಗೆ ಒಗ್ಗಿಕೊಳ್ಳತ್ತೆ" ಎಂದ. ಆ ಮಾತಿಗೆ ಸೋತೆ. ಈ ಜಗಳದ ನಡುವೆ ಈರುಳ್ಳಿ ಸೀದುಹೋಯಿತು, ಮೂವತ್ತೊಂದು ವರ್ಷದಲ್ಲಿ ಮೊದಲ ಸಲ.

ಜೋಡಿಸಿದ ಮೇಲೆ ನಾಲ್ಕು ಚಕ್ರಗಳ ಅಡಿಗೂ ಒಂದೊಂದು ತೂಕದ ಯಂತ್ರ ಇಟ್ಟು ಸರಿದೂಗಿಸಬೇಕು. ಅದಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ, ಅಷ್ಟು ಹೊತ್ತು ಯಾರು ಕೂರುತ್ತಾರೆ? ಡ್ರೈವರ್ ಎಷ್ಟು ತೂಗುತ್ತಾನೋ ಅಷ್ಟು ಮರಳಿನ ಚೀಲಗಳನ್ನು ಸೀಟಿನಲ್ಲಿ ಇಡುವುದು ಹಾರ್ವಿಯ ರೂಢಿ. ನಾನು ಪೋರ್ಟ್ ಸೊರೆಲ್‌ನಿಂದ ಮರಳು ತಂದೆ, ಅಪ್ಪನ ನೋಟುಪುಸ್ತಕ ತೆಗೆದು ಅದರಲ್ಲಿದ್ದಂತೆ ಇಪ್ಪತ್ನಾಲ್ಕು ಕಿಲೋದ ನಾಲ್ಕು ಚೀಲ ತುಂಬಿದೆ, ಹೊಲಿದೆ, ಹಾರ್ವಿ ಸೀಟಿನಲ್ಲಿ ಪೇರಿಸಿ ಬೆಲ್ಟ್ ಹಾಕಿದ. ಆ ತೂಕಕ್ಕೆ ತಕ್ಕಷ್ಟು ಟಿಕ್ ತಿರುಗಿಸಿದ. ವರ್ಷವರ್ಷವೂ ಚೀಲ ಹೀಗೇ ತುಂಬಿದ್ದಲ್ಲವೇ, ಇಬ್ಬರಿಗೂ ಏನೂ ಅನ್ನಿಸಲಿಲ್ಲ.

ಮಂಗಳವಾರ ಓಡಿಸಿ ನೋಡಿದೆ. ಎಡ ತಿರುವಿನಲ್ಲಿ ಚೆನ್ನಾಗಿ ಹೋಯಿತು. ಬಲಕ್ಕೆ ತಿರುಗಿಸಿದರೆ ಒಳಗಿನ ಚಕ್ರ ಸುಮ್ಮನೆ ಗಿರಗಿರ ಸುತ್ತುತ್ತದೆ, ಕಾರು ಮುಂದೆ ಹೋಗಲೊಲ್ಲದು. ಕಾನ್ರಾಡನ ಮಾತೇ ನಿಜವಾಯಿತು, ಇದು ನನ್ನಂಥವಳಿಗೆ ಹೇಳಿದ್ದಲ್ಲ, ಹೆಸರು ವಾಪಸ್ ತೆಗೆದುಕೊಳ್ಳುತ್ತೇನೆ ಎಂದು ಸಿಟ್ಟಿನಲ್ಲೇ ವಾಪಸಾದೆ. ಹಾರ್ವಿ ಕಾರಿನ ಸುತ್ತ ಎರಡು ಸಲ ಓಡಾಡಿ, "ನೀನೆಷ್ಟು ತೂಗ್ತೀಯ?" ಎಂದ. "ಹೆಂಗಸರನ್ನ ಹಾಗೆಲ್ಲ ಕೇಳ್ತಾರೇನೋ?" ಎಂದೆ. "ನಾನ್ ಕೇಳ್ತಿಲ್ಲ ಕಣೇ, ಕಾರು ಕೇಳ್ತಿದೆ." ಐವತ್ತೇಳು ಎಂದೆ. ಆಮೇಲೆ ಇಬ್ಬರೂ ಗೋಡೆಗೆ ಒರಗಿಸಿಟ್ಟಿದ್ದ ನಾಲ್ಕು ಚೀಲಗಳನ್ನು ನೋಡಿದೆವು. ತೊಂಬತ್ತಾರು. ನಾವಿಬ್ಬರೂ ಸೇರಿ ಕಾರನ್ನು ನಿನ್ನಪ್ಪನಿಗಾಗಿ ಅಣಿ ಮಾಡಿದ್ದೆವು.

ಹಾರ್ವಿ ಟೋಪಿ ತೆಗೆದು, ಟೀ ಮಾಡ್ತೀನಿ ಎಂದು ಒಳಗೆ ಹೋದ. ನಾನು ಒಂದು ಚೀಲದ ಮೇಲೆ ಕೈಯಿಟ್ಟು ಕೂತೆ. ಅತ್ತುಬಿಟ್ಟೆ, ಸುಳ್ಳು ಹೇಳುವುದಿಲ್ಲ. ಒಂದು ವರ್ಷದಿಂದ ದಿನಚರಿಯಲ್ಲಿ ಏನೇನೋ ಬರೆದಿದ್ದೇನೆ, ಆದರೆ ಅವನು ಎಷ್ಟು ಜಾಗ ಖಾಲಿ ಮಾಡಿ ಹೋದ ಎಂಬುದನ್ನು ಕಿಲೋ ಲೆಕ್ಕದಲ್ಲಿ ನೋಡಿದ್ದು ಅವತ್ತೇ. ಹಾರ್ವಿ ಟೀ ತಂದಿಟ್ಟು, "ಡೆಸ್ ಇದ್ದಿದ್ರೆ ಏನಂತಿದ್ದ ಹೇಳು? ನಾನ್ ಬರ್ಲಿಲ್ಲ ಅಂದ್ರೂ ನನ್ ಹೊಟ್ಟೇನ ಕೂರಿಸ್ಕೊಂಡು ಹೋದ್ರಲ್ರೋ, ಅಂತಿದ್ದ" ಎಂದ. ಅಳುತ್ತಲೇ ನಕ್ಕೆ. ಮರಳನ್ನು ಕ್ಯಾರೆಟ್ ಪಾತಿಗೆ ಸುರಿದೆವು, ಆ ಮಣ್ಣಿಗೆ ಅದು ಬೇಕಿತ್ತು.

ಮರುದಿನ ಚೀಲ ಬೇಡ ಎಂದು ನಾನೇ ಸೀಟಿನಲ್ಲಿ ಕೂತೆ, ಎರಡು ಗಂಟೆ. "ಅಲ್ಲಾಡ್ಬೇಡ" ಎನ್ನುತ್ತಾನೆ, "ಕೆಮ್ಮಬೇಡ" ಎನ್ನುತ್ತಾನೆ, ಬಿಸ್ಕತ್ತು ತಿಂದರೆ "ಈಗ ತೂಕ ಬದಲಾಯ್ತು" ಎಂದು ರೇಗಿಸುತ್ತಾನೆ. ಗುಂಡಿಯನ್ನು ಐದು ಟಿಕ್ ಹಿಂದಕ್ಕೆ ತಂದ. ನೋಟುಪುಸ್ತಕದಲ್ಲಿ ಹೊಸ ಹಾಳೆ ತೆಗೆದು ಅಂಕೆಗಳನ್ನು ಬರೆದೆ, ಮೇಲೆ ನನ್ನ ಹೆಸರು ಬರೆದೆ. ನಿನ್ನೆ ಓಡಿಸಿದೆ ಬ್ರಯೊನಿ. ಎಡಕ್ಕೂ ಬಲಕ್ಕೂ ಒಂದೇ ಸಮನೆ ತಿರುಗಿತು. ಹೊಲದ ನಡುವೆ ಯಾರೂ ಇಲ್ಲದ ಕಡೆ ಒಂದು ಸಲ ಜೋರಾಗಿ ಕೂಗಿಬಿಟ್ಟೆ. ಹಸುಗಳು ತಲೆಯೆತ್ತಿ ನೋಡಿದವು.

ಹಾರ್ವಿ, ಕಾನ್ರಾಡ್, ಮರ್ವಿನ್ ಎಲ್ಲರೂ ನಿನ್ನನ್ನು ಕೇಳಿದ್ದಾರೆ. ಗಾಯಕ್ಕೆ ಮುಲಾಮು ಹಚ್ಚು, ಉಪ್ಪುನೀರು ತಾಗಿಸಬೇಡ. ನೀನಿರುವ ಕಡಲು ಶಾಂತವಾಗಿರಲಿ.

ನಿನ್ನ ಅಮ್ಮ,
ಗ್ವೆಂಡಾ

ಮರೆತೆ ಎಂದುಕೊಳ್ಳಬೇಡ, ಧೈರ್ಯ ಸಾಲದೆ ಕೊನೆಗಿಟ್ಟೆ: ಒಂದೇ ಕಾರನ್ನು ಇಬ್ಬರು ಸರದಿಯಲ್ಲಿ ಓಡಿಸಲು ಕ್ಲಬ್ಬಿನಲ್ಲಿ ಅವಕಾಶವಿದೆ. ಎರಡನೇ ಚಾಲಕಿಯ ಜಾಗದಲ್ಲಿ ನಿನ್ನನ್ನು ಕೇಳದೆ ನಿನ್ನ ಹೆಸರು ಬರೆಸಿದ್ದೇನೆ. ಇಬ್ಬರು ಓಡಿಸುವುದಾದರೆ ಇಬ್ಬರ ತೂಕದ ನಡುವೆ ಎಲ್ಲೋ ಹೊಂದಿಸಬೇಕಂತೆ, ಬಳೆಗಳನ್ನು ಪೂರ್ತಿ ಬಿಗಿ ಮಾಡದೆ ಹಾರ್ವಿ ಕಾಯುತ್ತಿದ್ದಾನೆ. ಬರಲು ಆಗದಿದ್ದರೆ ಕಾರಣ ಬರೆಯುವ ಕಷ್ಟ ಬೇಡ, ಏನೂ ಬಾರದಿದ್ದರೆ ನಾನೇ ತಿಳಿದುಕೊಳ್ಳುತ್ತೇನೆ, ಒಬ್ಬಳೇ ಓಡಿಸುತ್ತೇನೆ. ಬರುವುದಾದರೂ ಉದ್ದ ಪತ್ರ ಬೇಡ. ಒಂದು ಕಾರ್ಡಿನ ಮೇಲೆ ನಿನ್ನ ತೂಕ ಮಾತ್ರ ಬರೆದು ಹಾಕು, ನನಗೆ ಅಷ್ಟು ಸಾಕು. ಜಂಭಕ್ಕೆ ಮೂರು ಕಿಲೋ ಕಡಿಮೆ ಬರೆಯಬೇಡ.