ತೊಟ್ಟಿಲ ಮೇಲಿನ ಕೆಂಪು ಗುಂಡು

ಕಾಕಾ,

ಅಳ್ನಾವರದ ಕಟ್ಟಿಗೆ ಅಡ್ಡೆಯ ಗುಮಾಸ್ತನೂ, ಹಳೆಯ ಗಾಜಿನ ಗುಂಡುಗಳ ಸರ್ವಮಾನ್ಯ ಪರೀಕ್ಷಕನೂ, ಕುಬಿಹಾಳದ ನಮ್ಮ ಮನೆಯ ಹಿರಿಯನೂ ಆಗಿದ್ದ ನಿನಗೆ, ಎರಡು ಸಲ ಪಿಯುಸಿ ನಪಾಸಾದ ನಿನ್ನ ಅಣ್ಣನ ಮಗ ಚನ್ಯಾ ವಿನಯದಿಂದ ಬರೆಯುವುದೇನೆಂದರೆ, ಇತ್ತ ನಾವೆಲ್ಲ ಕ್ಷೇಮ. ಅತ್ತಲಿನ ಕ್ಷೇಮ ತಿಳಿಸು ಎಂದು ಬರೆಯುವುದು ರೂಢಿ. ಆದರೆ ನೀನು ಸತ್ತು ಏಳು ತಿಂಗಳಾಯಿತು, ಮತ್ತು ನಿನ್ನ ಕ್ಷೇಮ ಕೇಳುವ ಮನಸ್ಸು ನನಗೆ ಸದ್ಯಕ್ಕೆ ಇಲ್ಲ. ಶಾಂತಕ್ಕ ಹಡೆದಳು. ಹೆಣ್ಣು ಕೂಸು. ಅದನ್ನು ತೊಟ್ಟಿಲಿಗೆ ಹಾಕಿದ ದಿನ ನಮ್ಮ ಪಡಸಾಲೆಯಲ್ಲಿ ಆದದ್ದನ್ನು ನಿನಗೇ ಹೇಳಬೇಕು. ಉಳಿದವರಿಗೆಲ್ಲ ಹೇಳಿ ನೋಡಿದೆ, ನಕ್ಕರು.

ಮೊದಲ ಸಲ ನೀನು ನನ್ನನ್ನು ಅಳ್ನಾವರಕ್ಕೆ ಕರೆದುಕೊಂಡು ಹೋದದ್ದು ನೆನಪಿದೆಯೇ? ರೈಲ್ವೆ ಕ್ವಾರ್ಟರ್ಸಿನಲ್ಲಿ ಗಾರ್ಡನೊಬ್ಬನ ವಿಧವೆ ಮನೆ ಖಾಲಿ ಮಾಡಿ ಮಗಳ ಊರಿಗೆ ಹೊರಟಿದ್ದಳು. ಅವಳ ಟ್ರಂಕಿನಲ್ಲಿ, ಹಳೆಯ ಫ್ರಾಕುಗಳ ನಡುವೆ, ಹತ್ತಿಯಲ್ಲಿ ಸುತ್ತಿದ ಗಾಜಿನ ಗುಂಡುಗಳು. ಕ್ರಿಸ್‌ಮಸ್ಸಿಗೆ ಸರ್ವೆ ಗಿಡದ ಟೊಂಗೆಗೆ ಕಟ್ಟುತ್ತಿದ್ದವಂತೆ. ನೀನು ಒಂದನ್ನು ನನ್ನ ಕೈಯಲ್ಲಿ ಇಟ್ಟೆ.

"ಕಣ್ಣ ಮುಚ್ಚಲೇ. ಗಲ್ಲಕ್ಕ ಹಚ್ಕೊ. ಥಣ್ಣಗ ಐತಿಲ್ಲೋ?"

"ಹೌದ ಕಾಕಾ."

"ಹಳೇ ಗಾಜು ದಪ್ಪ ಇರ್ತೈತಿ, ಥಂಡಿ ಹಿಡ್ಕೊಂಡು ಕುಂದರ್ತೈತಿ. ಹೊಸಾದು ತತ್ತಿ ಸಿಪ್ಪಿ ಇದ್ದಂಗ, ಕೈಯಾಗ ಹಿಡಿಯೂದ್ರಾಗ ಬೆಚ್ಚಗ ಆಗ್ತೈತಿ. ಈಗ ತೆಲಿ ಮ್ಯಾಲಿನ ಟೊಪ್ಪಿಗಿ ನೋಡು."

ಟೊಪ್ಪಿಗೆ ಹಿತ್ತಾಳೆಯದಾಗಿರಬೇಕು, ಅದರ ಮೇಲೆ ಹೂವಿನ ಎಸಳು ಒತ್ತಿರಬೇಕು. ಅದರ ಕೆಳಗೆ ಗುಂಡಿಗೆ ಕುತ್ತಿಗೆ ಇರಕೂಡದು; ಕುತ್ತಿಗೆ ಇದ್ದರೆ ಅದು ನಿನ್ನೆ ಮೊನ್ನೆ ಹುಟ್ಟಿದ್ದು. ಒಳಗಿನ ಕಲಾಯಿಯಲ್ಲಿ ವಯಸ್ಸಾದವರ ಕೈಮೇಲಿನಂಥ ಚುಕ್ಕೆಗಳಿರಬೇಕು. ಬಂಗಾರದ ಬಣ್ಣ, ಬೆಳ್ಳಿಯ ಬಣ್ಣ ಸಾಧಾರಣ ಮಾಲು. ಹಸಿರು ಅದಕ್ಕಿಂತ ಮೇಲು. ನೀಲಿ ಇನ್ನೂ ಮೇಲು. ದಾಳಿಂಬೆಯಂಥ ಕೆಂಪು ಸಿಕ್ಕರೆ ಎರಡೂ ಕೈಯಲ್ಲಿ ಹಿಡಿಯಬೇಕು. ಟೊಪ್ಪಿಗೆ ಕಳೆದುಕೊಂಡದ್ದು ಎಷ್ಟೇ ಚೆಂದವಿದ್ದರೂ ಬೆಲೆ ಅರ್ಧಕ್ಕೆ ಇಳಿಯುತ್ತದೆ. ಇವೆಲ್ಲ ಪಿಯುಸಿಯಲ್ಲಿ ಕೇಳಿದ್ದರೆ ನಾನು ಜಿಲ್ಲೆಗೇ ಮೊದಲಿಗನಾಗುತ್ತಿದ್ದೆ.

ಅಂದು ಆ ಹೆಂಗಸು ತನ್ನ ಗಂಡ ಯಾವ ಗುಂಡನ್ನು ಯಾವ ವರ್ಷ ತಂದನೆಂದು ಹೇಳಲು ಶುರುಮಾಡಿದಾಗ ನೀನು ಕೈ ಮುಗಿದೆ. "ಮೊದಲ ಬೆಲಿ ಹೇಳ್ತೇನ್ರಿ ಬಾಯಾರ, ಕತಿ ಆಮ್ಯಾಲೆ ಹೇಳ್ರಿ. ಕತಿ ಕೇಳಿದ್ನಂದ್ರ ನನಗ ಬೆಲಿ ಕಟ್ಟಾಕ ಬರೂದಿಲ್ಲ." ಅವಳು ಎಲ್ಲವನ್ನೂ ಒಟ್ಟಿಗೆ ಚಿಲ್ಲರೆ ದುಡ್ಡಿಗೆ ಕೊಡಲು ತಯಾರಿದ್ದಳು. ನೀನು ನೀಲಿಯದೊಂದನ್ನು ಬೇರೆ ತೆಗೆದಿಟ್ಟು, ಇದೊಂದೇ ಉಳಿದ ಹತ್ತಕ್ಕೆ ಸಮ ಎಂದೆ. ಹೊರಗೆ ಬಂದ ಮೇಲೆ, ಸುಮ್ಮನಿದ್ದರೆ ಲಾಭವಿತ್ತಲ್ಲ ಎಂದು ನಾನು ಕೇಳಿದೆ. "ಅಕಿಗೆ ಗೊತ್ತಿಲ್ಲ, ನನಗ ಗೊತ್ತೈತಿ. ನಾ ಸುಮ್ಮನಿದ್ರ ಅದು ಕಳುವ ಅಲ್ಲೇನಲೇ?" ಎಂದೆ ನೀನು. ಆ ದಿನದಿಂದ ನನಗೆ ನೀನೇ... ಇರಲಿ. ಆ ವಾಕ್ಯವನ್ನು ಈಗ ಮುಗಿಸಲಾರೆ.

ನಮ್ಮ ಮನೆಯ ಗುಂಡನ್ನು ನೀನು ಮೊದಲ ಸಲ ನನಗೆ ಪರೀಕ್ಷೆ ಮಾಡಿ ತೋರಿಸಿದ್ದು ಅದೇ ವಾರ. ನಿನ್ನ ಅಪ್ಪ, ನಮ್ಮ ಮುತ್ತ್ಯಾ, ಕಟ್ಟಿಗೆ ಹೇರಲು ಬಂಡಿ ಹೂಡಿಕೊಂಡು ಅಳ್ನಾವರಕ್ಕೆ ಹೋಗುತ್ತಿದ್ದಾಗ ಯಾರೋ ದೊರೆಸಾನಿ ಕೊಟ್ಟದ್ದು. ದಾಳಿಂಬೆ ಕೆಂಪು, ಟೊಪ್ಪಿಗೆಯ ಸಮೇತ. ಅದನ್ನು ಮುತ್ತ್ಯಾ ತೊಟ್ಟಿಲ ಮೇಲೆ ಕಟ್ಟಿದ. ಅಪ್ಪ, ನೀನು, ಅಕ್ಕ, ನಾನು ಎಲ್ಲರೂ ಅದನ್ನು ನೋಡುತ್ತ ಕೈಕಾಲು ಆಡಿಸಿದವರೇ. ಓಣಿಯಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಗುಂಡನ್ನು ಕೇಳಿ ಒಯ್ಯುತ್ತಿದ್ದರು. ಅದರ ಕೆಳಗೆ ಮಲಗಿದ ಕೂಸು ಬೆಚ್ಚುವುದಿಲ್ಲವೆಂದು ನಂಬಿಕೆ. ಹೀಗೆ ಕ್ರಿಸ್‌ಮಸ್ ಗಿಡದ ಗುಂಡಿಗೆ ವರ್ಷವಿಡೀ ವಿಭೂತಿ ಹಚ್ಚಿದ ಕೀರ್ತಿ ನಮ್ಮ ಓಣಿಯದು. ಇದಕ್ಕೆ ಎಷ್ಟು ಬಂದೀತು ಎಂದು ಕೇಳಿದಾಗ ನೀನು ನನ್ನ ತಲೆಗೆ ಮೊಟಕಿದೆ. "ಮನಿ ಗುಂಡಿಗೆ ಬೆಲಿ ಕೇಳ್ತಿಯೇನಲೇ ಹುಚ್ಚಪ್ಯಾಲಿ?"

ಎರಡು ವರ್ಷದ ಹಿಂದೆ ನಾನು ಮಾಡಿದ ಮಹಾಪರಾಧವನ್ನೂ ಇಲ್ಲಿ ದಾಖಲಿಸುತ್ತೇನೆ. ಗುಂಡುಗಳ ಜಗದ್ಗುರುವನ್ನು ಒಮ್ಮೆ ಮೋಸಗೊಳಿಸಬೇಕೆಂದು ನನಗೆ ಹುಕಿ ಬಂತು. ಹುಬ್ಬಳ್ಳಿಯಿಂದ ಹೊಸ ಕೆಂಪು ಗುಂಡು ಐದು ತಂದೆ. ಕುತ್ತಿಗೆಯನ್ನು ಸಾಣೆಕಲ್ಲಿಗೆ ಉಜ್ಜುವಾಗ ಮೂರು ಒಡೆದವು. ನಾಲ್ಕನೆಯದು ಅವ್ವ ಹಿಂದಿನಿಂದ ಒದರಿದ್ದಕ್ಕೆ ಹೋಯಿತು. ಐದನೆಯದರಲ್ಲಿ ತೂಕ ಬರಲೆಂದು ಕರಗಿಸಿದ ಮೇಣ ಹೊಯ್ದೆ. ಕುಂಕುಮ ಭರಣಿಯ ಹಿತ್ತಾಳೆ ಮುಚ್ಚಳಕ್ಕೆ ಮೊಳೆಯಿಂದ ಎಸಳು ಒತ್ತಿ, ಅರಗು ಹಚ್ಚಿ ಕೂರಿಸಿದೆ. ಕೂರಿಸುವ ಮುಂಚೆ ಒಂದು ಚೀಟಿಯನ್ನೂ ಮಡಚಿ ಒಳಗೆ ಇಟ್ಟೆ: "ಈ ಗುಂಡನ್ನು ಹಳೆಯದೆಂದು ನಂಬಿದ ಮಹನೀಯರನ್ನು ಅಖಿಲ ಕುಬಿಹಾಳ ಮೂರ್ಖರ ಸಂಘದ ಆಜೀವ ಸದಸ್ಯರನ್ನಾಗಿ ಸರ್ವಾನುಮತದಿಂದ ಆರಿಸಲಾಗಿದೆ. ಇಂತಿ, ಕಾರ್ಯದರ್ಶಿ."

ಅದನ್ನು ನೀನು ಗಲ್ಲಕ್ಕೆ ಹಚ್ಚಿಕೊಂಡು ನಕ್ಕ ನಗು ಇನ್ನೂ ಕಿವಿಯಲ್ಲಿದೆ. "ಮ್ಯಾಣ ತುಂಬಿಯೇನ ಮಗನ? ಕುರುಡಾಂವ ಸೈತ ಹೇಳ್ತಾನ ಇದು ಖೊಟ್ಟಿ ಅಂತ." ಆಮೇಲೆ ನೀನು ಮುಖ ಗಂಟು ಹಾಕಿಕೊಂಡೆ. ಖೊಟ್ಟಿ ಮಾಲು ಮಾಡುವ ಕೈ ಒಳ್ಳೆಯ ಮಾಲನ್ನು ಮುಟ್ಟಬಾರದು ಎಂದೆ. ನನ್ನನ್ನು ದೇವರ ಜಗಲಿಯ ಮುಂದೆ ನಿಲ್ಲಿಸಿ, ಇನ್ನೊಮ್ಮೆ ಮಾಡುವುದಿಲ್ಲವೆಂದು ಆಣೆ ಮಾಡಿಸಿದೆ. ನನ್ನ ಗುಂಡನ್ನು ಬಾವಿಗೆ ಒಗೆದು ಬರುತ್ತೇನೆಂದು ನೀನೇ ಧೋತರದ ಸೆರಗಿನಲ್ಲಿ ಕಟ್ಟಿಕೊಂಡು ಹೋದೆ. ನನಗೆ ನಿಜವಾಗಿ ನಾಚಿಕೆಯಾಗಿತ್ತು ಕಾಕಾ. ನಾಚಿಕೆಯಾಗುವುದು ನನಗೆ ಅಷ್ಟು ರೂಢಿಯಿಲ್ಲದ ಕೆಲಸ, ಗೊತ್ತಲ್ಲ? ಆಮೇಲೆ ಮನೆಯ ಗುಂಡನ್ನು ಪೆಟ್ಟಿಗೆಯಿಂದ ತೆಗೆಯುವುದು, ಓಣಿಯವರಿಗೆ ಕಟ್ಟಿಕೊಡುವುದು ಎಲ್ಲ ನಿನ್ನದೇ ಕೈಯಿಂದ. ಖೊಟ್ಟಿ ಮಾಡಿದ ಕೈಗೆ ಅದು ಶಿಕ್ಷೆ ಎಂದುಕೊಂಡು ನಾನು ಸುಮ್ಮನಿದ್ದೆ.

ತೊಟ್ಟಿಲ ದಿನ ಪೆಟ್ಟಿಗೆ ತೆಗೆಯುವ ಪಾಳಿ ನನ್ನದಾಯಿತು. ಪಡಸಾಲೆಯ ತುಂಬ ಹೆಂಗಸರು. ನೀನು ಕಲಿಸಿದ ಚಟ, ಗುಂಡನ್ನು ಮೊದಲು ಗಲ್ಲಕ್ಕೆ ಹಚ್ಚಿದೆ. ಬೆಚ್ಚಗಿತ್ತು. ನನ್ನದೇ ಕೈ ಬಿಸಿ ಇರಬೇಕೆಂದು ಬಟ್ಟೆಯಿಂದ ಒರೆಸಿದೆ. ಟೊಪ್ಪಿಗೆ ಕಳಚಿ ಕೈಗೆ ಬಂತು, ಚೀಟಿ ಕೆಳಗೆ ಬಿತ್ತು.

"ಏನ್ಲೇ ಚನ್ಯಾ, ಗುಂಡಿನಾಗಿಂದ ಕೂಸಿನ ಜಾತಕ ಬಿತ್ತೇನು?" ಎಂದಳು ಬಾಜು ಮನೆಯ ಗಂಗವ್ವ.

ಶಾಂತಕ್ಕ ಚೀಟಿ ಕಸಿದುಕೊಂಡು ಗಟ್ಟಿಯಾಗಿ ಓದಿದಳು. ಹೆಂಗಸರು ಕಣ್ಣೀರು ಒರೆಸಿಕೊಂಡು ನಕ್ಕರು. ಸಂಘದ ಕಾರ್ಯದರ್ಶಿ ತಾನೇ ಸದಸ್ಯನಾಗಿ ಆಯ್ಕೆಯಾದದ್ದು ಅವರಿಗೆ ಹೇಗೆ ತಿಳಿಯಬೇಕು? ಇದು ನಮ್ಮ ಗುಂಡಲ್ಲ, ಕಾಕಾ ಬದಲಿಸಿದ್ದಾನೆ ಎಂದೆ. ನಗು ಇನ್ನೂ ಜೋರಾಯಿತು. ನಪಾಸಾದ ದಿನ ಊರಿಗೆಲ್ಲ ಪೇಢೆ ಹಂಚಿದವನ ಮಾತು! ಇಡೀ ಪಡಸಾಲೆಯಲ್ಲಿ ನಗದವಳು ಅವ್ವ ಒಬ್ಬಳೇ.

"ಸತ್ತಾಂವನ ಮ್ಯಾಲೆ ಚಾಷ್ಟಿ ಮಾಡ್ತಿಯೇನು? ನಿಮ್ಮಪ್ಪ ಹೋದ ಮ್ಯಾಲೆ ನಿನಗ ಅನ್ನಾ ಹಾಕಿದ ಕೈ ಅದು. ಸರಿ ಆಚೆ."

ಟೊಪ್ಪಿಗೆಯನ್ನು ಅವ್ವನೇ ಒತ್ತಿ ಕೂರಿಸಿ ತೊಟ್ಟಿಲಿಗೆ ಕಟ್ಟಿದಳು. ಅಕ್ಕನ ಕೂಸು ನನ್ನ ಖೊಟ್ಟಿ ಗುಂಡನ್ನು ಪಿಳಿಪಿಳಿ ನೋಡಿತು.

ಮರುದಿನವೇ ಹುಬ್ಬಳ್ಳಿಗೆ ಹೋಗಿ ಅಳ್ನಾವರದ ಪ್ಯಾಸೆಂಜರ್ ಹತ್ತಿದೆ. ದಾರಿಯುದ್ದಕ್ಕೂ ನಿನ್ನ ಪರವಾಗಿ ವಕೀಲಿ ಮಾಡಿದೆ ಕಾಕಾ: ಒಡೆದಿರಬಹುದು, ಹೇಳಲು ಸಂಕೋಚಪಟ್ಟಿರಬಹುದು, ಯಾರೋ ಕದ್ದಿರಬಹುದು. ಸ್ಟೇಶನ್ ಬಾಜುವಿನಲ್ಲಿ ಹಳೆಯ ಗುಂಡು ಕೊಂಡು ಗೋವೆಗೆ ಕಳಿಸುತ್ತಾನಲ್ಲ, ನಿನ್ನ ಆ ಸಾಹುಕಾರ, ನನ್ನನ್ನು ನೋಡುತ್ತಲೇ ಕುರ್ಚಿ ಒರೆಸಿದ.

"ಬರ್ರಿ ಬರ್ರಿ. ಆ ಕೆಂಪು ಗುಂಡು ನಿಮ್ಮದ ಅಲ್ರಿ? ಅಂಥಾ ಮಾಲು ನಾ ಮತ್ತ ನೋಡಿಲ್ಲ ಬಿಡ್ರಿ. ಬಂದ ವಾರದಾಗ ಹೋತು."

"ನಂದು ಅಂತ ಯಾರ ಹೇಳಿದ್ರಿ?"

"ನಿಮ್ಮ ಕಾಕಾರ ಹೇಳಿದ್ರು. 'ನನಗ ಮನಸ್ಸಿಲ್ರಿ, ಏನ್ ಮಾಡ್ಲಿ, ಹುಡುಗ ಮಾರಬೇಕಂತ ಹಟಾ ಹಿಡದಾನ' ಅಂದ್ರು. ಪಾಪ, ಕಣ್ಣಾಗ ನೀರು ತಂದ್ರು."

ಆ ನೀರು ಹಳೆಯದೋ ಹೊಸದೋ, ಗಲ್ಲಕ್ಕೆ ಹಚ್ಚಿ ನೋಡಿದವರು ಯಾರು? ನೀನು ಗುಂಡು ಮಾರಿದೆ, ಅದನ್ನಾದರೂ ಸಹಿಸಿಕೊಳ್ಳಬಹುದಿತ್ತು. ನಿನಗೇನೋ ಅಡಚಣೆ ಬಂದಿರಬೇಕು. ಅವ್ವನನ್ನು ಕೇಳಿದ್ದರೆ ಎರಡು ಮಾತಿಲ್ಲದೆ ಬಿಚ್ಚಿ ಕೊಡುತ್ತಿದ್ದಳು. ಆದರೆ ನನ್ನ ಹೆಸರಿನಲ್ಲಿ ಯಾಕೆ ಮಾರಿದೆ? ಆಣೆ ಮಾಡಿಸುವಾಗಲೇ ನನ್ನ ಗುಂಡು ಎಲ್ಲಿ ತೂಗಬೇಕೆಂದು ನಿನಗೆ ಗೊತ್ತಿತ್ತೇ? ಕುರುಡನೂ ಹಿಡಿಯುತ್ತಾನೆ ಎಂದೆಯಲ್ಲ, ಎರಡು ವರ್ಷ ಇಡೀ ಓಣಿ ಹಿಡಿಯಲಿಲ್ಲ. ನಿನ್ನ ಕೈಯಲ್ಲೇ ಪಳಗಿದ ನಾನೂ ಹಿಡಿಯಲಿಲ್ಲ. ಕಟ್ಟಿದವನು ನೀನು ಎಂಬ ಒಂದೇ ಕಾರಣಕ್ಕೆ ನಾನು ತಲೆ ಎತ್ತಿ ನೋಡಲಿಲ್ಲ. ಒಂದು ಸಲ, ಒಂದೇ ಸಲ, "ಭೇಷ್ ಮಾಡಿ ಮಗನ" ಎಂದಿದ್ದರೆ...

ಊರಿಗೆ ಮರಳಿ ಹದಿನೈದು ದಿನ ನಾನು ಬಾಯಿ ಬಿಡಲಿಲ್ಲ. ಆಮೇಲೆ ಗಂಗವ್ವನ ಸೊಸೆ ಹಡೆದಳು, ಗಂಗವ್ವ ಗುಂಡು ಕೇಳಲು ಬಂದಳು. ಅವ್ವ ಅದನ್ನು ತೊಟ್ಟಿಲಿನಿಂದ ಬಿಚ್ಚಿ ಅವಳ ಉಡಿಯಲ್ಲಿ ಹಾಕಬೇಕು, ಅಷ್ಟರಲ್ಲಿ ನಾನು ಕೈಯಿಂದ ಕಸಿದುಕೊಂಡು ಅಂಗಳದ ಹಾಸುಗಲ್ಲಿನ ಮೇಲೆ ಬಿಟ್ಟೆ. ಗಾಜು ತತ್ತಿಯ ಸಿಪ್ಪೆಯ ಹಾಗೆ ಉದುರಿತು. ಮೇಣದ ಉಂಡೆ ಮಾತ್ರ ಹಾಗೇ ಉಳಿದು, ಉರುಳಿಕೊಂಡು ಹೋಗಿ ತುಳಸಿಕಟ್ಟೆಗೆ ತಾಗಿ ನಿಂತಿತು.

"ಅಯ್ಯ ಶಿವನ! ಮ್ಯಾಣ!" ಎಂದಳು ಗಂಗವ್ವ. ಈ ಸಲ ನಗಲಿಲ್ಲ.

ಅವ್ವ ಉಂಡೆಯನ್ನು ಎತ್ತಿಕೊಂಡು ಹೆಬ್ಬೆರಳಿನ ಉಗುರು ಊರಿ ನೋಡಿದಳು. "ಯಾವಾಗಿಂದಲೇ?"

"ಎರಡ ವರ್ಷ ಆತು."

ಅವಳು ಬೆರಳು ಮಡಚಿದಳು. ಕುಂಬಾರರ ಮನೆಯದು, ಗೌಡರ ಮೊಮ್ಮಗ, ನಮ್ಮ ಶಾಂತಾಳದು. "ಮೂರು ಕೂಸು," ಎಂದಳು. "ಇಸ್ವಾಸ ಇಟ್ಟು ಒಯ್ದ್ರು. ನಾನಽ ಒಯ್ಯಾಕ ಹೇಳಿದ್ದೆ." ನಿನ್ನ ಹೆಸರು ಎತ್ತಲಿಲ್ಲ. ಅವತ್ತಿನಿಂದ ಈ ಮನೆಯಲ್ಲಿ ಯಾರೂ ಎತ್ತಿಲ್ಲ. ನಾನು ನಂಬಿಸಿದೆ, ಗೆದ್ದೆ. ಹೀಗೆ ಗೆದ್ದವನಿಗೆ ಅಂದು ಊಟ ಸೇರಲಿಲ್ಲ. ಅವ್ವ ಮಾತ್ರ ಅಂದು ಸಂಜೆ ಕುಂಬಾರರ ಮನೆಗೂ ಗೌಡರ ಮನೆಗೂ ತಾನೇ ನಡೆದು ಹೋಗಿ, ಆದದ್ದನ್ನು ಹೇಳಿ ಬಂದಳು.

ಮೊನ್ನೆ ಅಮಾವಾಸ್ಯೆಗೆ ಹಿರಿಯರ ಪೂಜೆಯಾಯಿತು. ನೀನು ಹೋದ ಮೇಲೆ ಮೊದಲನೆಯದು. ಮುತ್ತ್ಯಾನ ರುಮಾಲು ಇಟ್ಟರು, ಆಯಿಯ ಸೀರೆ ಇಟ್ಟರು, ಅಪ್ಪನ ಅಂಗಿ ಇಟ್ಟರು. ಹೋಳಿಗೆಯ ಎಡೆ ಮೂರು ಬಡಿಸಿಯಾಗಿತ್ತು. ಅವ್ವ ಟ್ರಂಕಿನಿಂದ ನಿನ್ನ ಜರದ ಅಂಚಿನ ಧೋತರ ತೆಗೆದಳು. ತಾನೇ ಒಗೆದು ಮಡಿಕೆ ಹಾಕಿಟ್ಟಿದ್ದಳು. ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನನ್ನ ಮುಂದೆ ನಿಂತಳು.

"ಗಂಡಸು ಅಂತ ಈ ಮನ್ಯಾಗ ಈಗ ನೀ ಒಬ್ಬಾಂವ. ಹೇಳಪಾ, ಇಡಲ್ಯೋ ಬ್ಯಾಡೋ?"

ಇಂಥ ಹೊತ್ತಿಗೆ ಒಂದು ಗಂಭೀರ ಭಾಷಣ ಬಿಗಿಯುವುದು ನನಗೆ ಎಡಗೈ ಕೆಲಸ. ಆದರೆ ನಾನು ಬಡಿಸಿದ ಎಡೆಗಳನ್ನೇ ಎಣಿಸತೊಡಗಿದೆ. ಹೋಳಿಗೆಯ ಮೇಲಿನ ತುಪ್ಪ ಆರುತ್ತಿತ್ತು. ಆಮೇಲೆ ಅವಳು ಧೋತರವನ್ನು ಮತ್ತೆ ಟ್ರಂಕಿನಲ್ಲಿಟ್ಟು, ಊದಿನಕಡ್ಡಿ ಹಚ್ಚಿದಳು.

ಬೇಡ ಎಂದು ನಾನು ಹೇಳಲಿಲ್ಲ ಕಾಕಾ. ಇಡು ಎಂದೂ ಹೇಳಲಿಲ್ಲ.

ಚನ್ಯಾ