ಪುನರ್ಪುಳಿ ಮರ

ನರಿಕೊಂಬು,
ಆದಿತ್ಯವಾರ

ಪ್ರೀತಿಯ ಶಶಿಪ್ರಭಾ ಅತ್ತಿಗೆಗೆ, ವಾರಿಜಳ ನಮಸ್ಕಾರ.

ನಿಮ್ಮ ತಮ್ಮ ತೀರಿಕೊಂಡ ಮೇಲೆ ನೀವು ಈ ಕಡೆ ಬರಲಿಲ್ಲ, ನಾನೂ ಮೂಡುಬಿದಿರೆಗೆ ಬರಲಿಲ್ಲ. ಈಗ ಬರೆಯುವುದು ಮಗಳ ವಿಷಯಕ್ಕೆ. ನಿಶ್ಮಿತಾಳಿಗೆ ನಿಮ್ಮೂರಿನ ಕಾಲೇಜಿನಲ್ಲಿ ಸೀಟು ಸಿಕ್ಕಿದೆ. ಹಾಸ್ಟೆಲ್ ಬೇಡ, ಅತ್ತೆಯ ಮನೆಯಲ್ಲೇ ಇರುತ್ತೇನೆ ಎನ್ನುತ್ತಾಳೆ.

ಅಪ್ಪನ ಹಾಗೆ ಅವಳಿಗೂ ಸಿಗಡಿ ಆಗುವುದಿಲ್ಲವೆಂದು ಪರೀಕ್ಷೆಯಲ್ಲಿ ಗೊತ್ತಾಯಿತು. ಸಿಗಡಿ ಚಟ್ನಿ ಕಡೆದ ಮಿಕ್ಸಿಯಲ್ಲಿ ಅವಳಿಗೆ ಮಸಾಲೆ ಕಡೆಯಬೇಡಿ. ನಾವು ಪಿತ್ತ ಎನ್ನುವ ದದ್ದು ಮಾತ್ರ ಎದ್ದರೆ ಅವಳ ಅಲರ್ಜಿ ಗುಳಿಗೆ ಕೊಡಿ. ಗಂಟಲು ಊದಿ ಉಸಿರು ಕಟ್ಟಿದರೆ ಅದು ಪಿತ್ತವಲ್ಲ. ಡಾಕ್ಟರು ಅದಕ್ಕೆ ಅನಾಫಿಲಾಕ್ಸಿಸ್ ಎನ್ನುತ್ತಾರೆ. ಅವಳ ಬ್ಯಾಗಿನಲ್ಲಿರುವ ಇಂಜೆಕ್ಷನ್ ಪೆನ್ನನ್ನು ತೊಡೆಗೆ ಚುಚ್ಚಿ, ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಆ ಹೆಸರು ನಿಮ್ಮ ತಮ್ಮ ತೀರಿಕೊಂಡ ದಿನ ನಮಗಿಬ್ಬರಿಗೂ ಗೊತ್ತಿರಲಿಲ್ಲ. "ಒಂದು ಚೂರು ಚಟ್ನಿ ಬಡಿಸು ಅಕ್ಕ, ಪಿತ್ತ ಎದ್ದರೆ ನಿನ್ನ ಪುನರ್ಪುಳಿ ಉಂಟಲ್ಲ ಮಾರಾಯ್ತಿ" ಎಂದು ನಗಾಡಿದವರು ಅವರೇ. ನೀವು ಆ ಹಣ್ಣಿನ ಶರಬತ್ತು ಮಾಡಿ ತಂದಿರಿ, ನಾನು ಕುಡಿಸಿದೆ. ಈಗ ಕಡಿಮೆಯಾಗುತ್ತದೆ ಎಂದು ಇಬ್ಬರೂ ಕಾದು ಕುಳಿತೆವು. ಆಸ್ಪತ್ರೆಗೆ ಹೊರಡುವಾಗ ಹೊತ್ತು ಮೀರಿತ್ತು. ಪಿತ್ತಕ್ಕೆ ಊರಿನಲ್ಲಿ ಎಲ್ಲರೂ ಮಾಡುವುದನ್ನೇ ನಾವೂ ಮಾಡಿದೆವು.

ನಿಮ್ಮ ಅಂಗಳದ ಪುನರ್ಪುಳಿ ಮರವನ್ನು ಕಡಿಸಲು ಹೊರಟಿದ್ದೀರಿ ಎಂದು ನಿಮ್ಮ ಮಗ ಮನೀಷ್ ಫೋನಿನಲ್ಲಿ ಹೇಳಿದ. ಕಡಿಸಬೇಡಿ ಅತ್ತಿಗೆ. ನಿಶ್ಮಿತಾ ಕಾಲೇಜಿನಿಂದ ಬಿಸಿಲಿಗೆ ನಡೆದು ಬಂದಾಗ ಒಂದು ಲೋಟ ಶರಬತ್ತು ಮಾಡಿ ಕೊಡಿ. ಬಾಯಾರಿಕೆಗೆ ಅದು ಒಳ್ಳೆಯದು.

ನಿಮ್ಮ
ವಾರಿಜಾ